ಒಂದು ಮೊಳ ಹೆಚ್ಚು

ನಾಸಿಕದ ಪಂಚವಟಿ ಸುತ್ತಿನ ಕನ್ನಡದ ಮಂದಿಗೆಲ್ಲ ರೇವಪ್ಪನ ಫೋನ್ ನಂಬರು ಗೊತ್ತು. ಆದರೆ ಯಾರೂ ಅವನನ್ನು ಮದುವೆಗೆ ಕರೆಯುವುದಿಲ್ಲ. ಅವನು ಸತ್ತವರ ಕೆಲಸದವನು ನೋಡಿ! ಚಟ್ಟ ಕಟ್ಟುವುದು, ಮಡಿಕೆ, ಬಟ್ಟೆ ತರುವುದು, ಕಟ್ಟಿಗೆ ಹೇಳುವುದು, ಕಾಗದ ಪತ್ರ ಮಾಡಿಸುವುದು, ಎಲ್ಲಕ್ಕೂ ಹೆಚ್ಚಾಗಿ ಅಳುವವರ ಜೊತೆ ಅವರದೇ ಮಾತಿನಲ್ಲಿ ಮಾತಾಡುವುದು. ವರ್ಗವಾಗಿ ಬಂದ ಬ್ಯಾಂಕಿನವರಿಗೂ ಅವನೇ ಬೇಕು, ಗಾರೆ ಕೆಲಸದವರಿಗೂ ಅವನೇ ಬೇಕು.

ಇಂಡಿ ಕಡೆಯಿಂದ ಅವನು ಬಂದದ್ದೂ ಗಾರೆ ಕೆಲಸಕ್ಕೇ. ಒಂದು ದಿನ ಜೊತೆಗಾರನೊಬ್ಬ ಸೇತುವೆ ಮೇಲಿಂದ ಬಿದ್ದು ಸತ್ತ. ಗುತ್ತಿಗೆದಾರ ನಾಪತ್ತೆ. ಪರವೂರು, ಭಾಷೆ ಬಾರದು, ಹೆಣ ಬಿಸಿಲಲ್ಲಿ. ಉಳಿದವರೆಲ್ಲ ಮುಖ ಮುಖ ನೋಡುತ್ತ ನಿಂತಾಗ ರೇವಪ್ಪ ಒಬ್ಬನೇ ಓಡಾಡಿ ಎಲ್ಲ ಮುಗಿಸಿದ. ಆಮೇಲೆ ಇನ್ನೊಬ್ಬರು ಕರೆದರು, ಮತ್ತೊಬ್ಬರು ಕರೆದರು, ಹಾಗೆ ಹಾಗೆ ಅದೇ ಅವನ ಕಾಯಕವಾಯಿತು.

ಅವನದೊಂದು ಪದ್ಧತಿ ಇತ್ತು. ಹೆಣವನ್ನು ಹಸಿ ನೂಲಿನಿಂದ ತಲೆಯಿಂದ ಹಿಮ್ಮಡಿವರೆಗೆ ಅಳೆಯುವನು, ಅದಕ್ಕೆ ಒಂದು ಮೊಳ ಹೆಚ್ಚು ಸೇರಿಸಿ ಹರಿಯುವನು. ಆ ನೂಲನ್ನು ಬಿದಿರಿನ ಅಂಗಡಿ ಭುಜಂಗನಿಗೆ ತೋರಿಸಿದರೆ ಅವನು ಅಷ್ಟುದ್ದದ ಎರಡು ಗಳ ಕಡಿದು ಕೊಡುವನು. ನೂಲು ಮಾತ್ರ ಹೆಣದ ಜೊತೆಗೇ ಬೆಂಕಿಗೆ ಹೋಗಬೇಕು. ಮನೆಗೆ ಬರಕೂಡದು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಂದದ್ದಿಲ್ಲ.

ಎರಡು ಸಾವಿರದ ಒಂಬತ್ತರ ದೀಪಾವಳಿ. ಹಬ್ಬದ ಹೊತ್ತಿಗೆ ಥಂಡಿ ಬೀಳುತ್ತದೆ, ಮುದುಕರು ದೂರದ ಪ್ರಯಾಣ ಮಾಡಿ ಮಕ್ಕಳ ಮನೆಗೆ ಬರುತ್ತಾರೆ, ಮತ್ತೆ ಏಳುವುದಿಲ್ಲ. ಐದು ದಿನದಲ್ಲಿ ಆರು ಸಾವು. ಒಂದಕ್ಕೆ ದೂರದ ಸಟಾಣಾ ಊರಿನವರೆಗೆ ಹೋಗಿಬಂದ. ನಿದ್ದೆ ಇಲ್ಲ, ಊಟ ಇಲ್ಲ. ಚಹಾದಲ್ಲೂ ಕರ್ಪೂರದ ವಾಸನೆ ಅನ್ನುತ್ತ ಕಪ್ಪು ಕೆಳಗಿಡುವನು. ಬಾರದ ಫೋನಿಗೆ “ಬಂದೆ ರೀ” ಅನ್ನುವನು. ಬಾಗಿಲಲ್ಲಿ ಹಾಲಿನವನು ನಿಂತರೆ ಅವನ ಕಣ್ಣು ತಾನಾಗಿ ತಲೆಯಿಂದ ಹಿಮ್ಮಡಿಗೆ ಇಳಿಯುವುದು. ಪಾಪ, ಹಾಲಿನವನು ಗಾಬರಿಯಾಗಿ ಅರ್ಧ ಲೀಟರು ಹೆಚ್ಚೇ ಹಾಕಿ ಹೋಗುತ್ತಿದ್ದ.

“ಊರಿಗೆ ಉಪಕಾರಿ, ಮನಿಗೆ ಮಾರಿ,” ಅಂದಳು ಹೆಂಡತಿ ಸಕ್ರವ್ವ. “ಎಷ್ಟ ವರ್ಷ ಆತು ನೀವು ಹಬ್ಬದ ಎಣ್ಣಿನೀರು ಕಂಡು? ನಿಮ್ಮ ತಲಿಗೆ ಎಣ್ಣಿ ಹಚ್ಚೂದು ನನಗ ಮರತs ಹೋಗೈತಿ.”

“ಸತ್ತೋರಿಗೆ ಹಬ್ಬ ಗೊತ್ತೇನ?” ಅಂದ ರೇವಪ್ಪ. ಇಪ್ಪತ್ತು ವರ್ಷದಿಂದ ಅದೇ ಉತ್ತರ.

ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ ಸಕ್ರವ್ವ ಅವನ ಅಂಗಿ ಒಗೆಯಲು ತೆಗೆದಳು. ಜೇಬಿನಲ್ಲಿ ಸುರುಳಿ ಸುತ್ತಿದ ಹಸಿ ನೂಲು.

ಗಂಡನನ್ನು ಕರೆದು ತೋರಿಸಿದಳು. ರೇವಪ್ಪ ಬೆರಳು ಮಡಚಿ ಎಣಿಸಿದ. ಆರು ಹೆಣ, ಆರು ನೂಲು, ಆರನ್ನೂ ಸುಟ್ಟದ್ದು ಕಣ್ಣ ಮುಂದಿದೆ. ಇದು ಏಳನೆಯದು.

ಸಕ್ರವ್ವ ಅವನನ್ನು ಗೋಡೆಗೆ ನಿಲ್ಲಿಸಿದಳು, ನೂಲಿನ ಒಂದು ತುದಿಯನ್ನು ಅವನ ಹಿಮ್ಮಡಿಗೆ ಒತ್ತಿ ಹಿಡಿದು ತಲೆಯವರೆಗೆ ಎಳೆದಳು. ಉಳಿದದ್ದನ್ನು ತನ್ನ ಮೊಳಕೈಗೆ ಇಟ್ಟು ನೋಡಿದಳು. ಸರಿಯಾಗಿ ಒಂದು ಮೊಳ.

ಹೊರಗೆ ಮಕ್ಕಳು ಪಟಾಕಿ ಹಚ್ಚಿದರು, ಇಬ್ಬರೂ ಬೆಚ್ಚಿದರು. ಅಷ್ಟರಲ್ಲಿ ಸೈಕಲ್ಲಿನ ಗಂಟೆ. ಭುಜಂಗ ಎರಡು ಹಸಿ ಗಳ ಕಟ್ಟಿಕೊಂಡು ಬಂದಿದ್ದ.

“ಏನಪ್ಪಾ, ನಿನ್ನೆ ಕಡಿಸಿ ಇಟ್ಟು ಹೋದವನು ಬರಲೇ ಇಲ್ಲ?” ಅಂದ ತನ್ನ ಮರಾಠಿಯಲ್ಲಿ.

“ನಾ ಎಲ್ಲಿ ಕಡಿಸಿದೆ?”

“ಒಳ್ಳೇ ಮಾತಾಯಿತು! ನನ್ನ ಕಣ್ಣೆದುರೇ ನೂಲನ್ನು ಕಾಲಲ್ಲಿ ಒತ್ತಿ ನಿನ್ನ ತಲೆಗೇ ಎಳೆದುಕೊಂಡೆ. ಯಾರದು ಅಂತ ಕೇಳಿದೆ. ‘ನಂದೇ’ ಅಂದೆ. ಚೇಷ್ಟೆ ಅಂದುಕೊಂಡೆ ಮಾರಾಯಾ, ಆದರೆ ನೀನು ನಗಲಿಲ್ಲ.”

ರೇವಪ್ಪನಿಗೆ ನಿನ್ನೆಯ ಸಂಜೆ ನೆನಪಿನಲ್ಲೇ ಇರಲಿಲ್ಲ. ಗಳ ವಾಪಸ್ ಒಯ್ಯಿ ಎಂದರೆ ಭುಜಂಗ ಎರಡು ಹೆಜ್ಜೆ ಹಿಂದೆ ಸರಿದ. ಅಳತೆಗೆ ಕಡಿದ ಗಳ ಅಂಗಡಿಗೆ ತಿರುಗಿ ಬರಬಾರದು ಅಂತ ಬಿದಿರಿನವರ ನಂಬಿಕೆ. ಹಸಿ ಗಳ ಬಾಗಿಲ ಪಕ್ಕದಲ್ಲೇ ಒರಗಿ ನಿಂತವು. ಸಕ್ರವ್ವ ಹೊತ್ತು ಮುಳುಗುವತನಕ ಆ ಕಡೆ ಬೆನ್ನು ಮಾಡಿಯೇ ಓಡಾಡಿದಳು.

ಬೆಳಗಿನ ಜಾವ ಅವಳು ಸಂಜೆಯೇ ತುಂಬಿಟ್ಟಿದ್ದ ಹಂಡೆಯ ಕೊರಳಿಗೆ ಬಳ್ಳಿ ಸುತ್ತಿ, ಒಲೆಗೆ ಬೆಂಕಿ ಹಾಕಿದಳು. ನೂಲನ್ನು ಆ ಬೆಂಕಿಗೇ ಎಸೆದಳು. “ಸುಡೂದs ಇದ್ದರ ನಿಮ್ಮ ನೀರ ಕಾಸಲಿ,” ಅಂದಳು. ಗಂಡನನ್ನು ಮಣೆಯ ಮೇಲೆ ಕೂಡಿಸಿ ನೆತ್ತಿಗೆ ಎಣ್ಣೆ ಒತ್ತಿದಳು. ಎಷ್ಟೋ ಮಂದಿಯ ಮೈಯನ್ನು ಅವನು ಹೀಗೇ ತೊಳೆದಿದ್ದ. ತನ್ನ ಮೈಮೇಲೆ ಇನ್ನೊಬ್ಬರ ಕೈ ಬಿದ್ದಾಗ, ಇದು ಎಣ್ಣೆನೀರೋ ಕಡೆಯ ನೀರೋ ಅಂತ ಒಂದು ಕ್ಷಣ ಅವನಿಗೆ ತಿಳಿಯಲಿಲ್ಲ.

ಫೋನ್ ರಿಂಗಣಿಸಿತು. ಬ್ಯಾಂಕಿನ ಅರವಿಂದ ಸಾಹೇಬರು. “ರೇವಪ್ಪ, ನಮ್ಮ ತಂದಿ ಹೋದರು. ಹಬ್ಬಕ್ಕಂತ ಧಾರವಾಡದಿಂದ ಮೊನ್ನೆನs ಬಂದಿದ್ದರು...”

ಬಾಯಿಗೆ ರೂಢಿಯ ಪ್ರಶ್ನೆ ಬಂತು. “ಎತ್ತರ ಎಷ್ಟಿದ್ದರರಿ?”

ಆ ಕಡೆ ಮೂಗೊರೆಸಿಕೊಂಡ ಸದ್ದು. ಆಮೇಲೆ, “ನಿಮ್ಮಷ್ಟs ಇದ್ದರು.”

ಸಕ್ರವ್ವನಿಗೂ ಕೇಳಿಸಿತು. ಅವಳ ಮುಖ ಅರಳಿತು, ಮರುಗಳಿಗೆ ಅವಳಿಗೇ ನಾಚಿಕೆಯಾಯಿತು. ಗಳ ಇವರದಲ್ಲ, ಆ ಹಿರಿಯರದು! ರೇವಪ್ಪ ಎಣ್ಣೆಮೈಯಲ್ಲೇ ಎದ್ದ. ಅವಳು ರಟ್ಟೆ ಹಿಡಿದಳು.

“ಸತ್ತವರು ಎಲ್ಲಿ ಓಡಿಹೋಗತಾರ? ನೀವs ಓಡಾಕತ್ತೀರಿ. ನೀರ ಹಾಕ್ಕೋರಿ, ಉಣ್ಣರಿ, ಆಮ್ಯಾಲ ಹೋಗರಿ. ನಿಮ್ಮ ಕಾಲ ಬೀಳತೀನಿ.”

ರೇವಪ್ಪ ಅವಳ ಒದ್ದೆ ಕಣ್ಣು ನೋಡಿದ. “ಸಾಹೇಬರ, ಎರಡ ತಾಸ ಬಿಟ್ಟ ಬರತೀನ್ರಿ,” ಅಂದ. ಸಾವಿಗೆ ಅವನು ಕಾಯಲು ಹೇಳಿದ್ದು ಅದೇ ಮೊದಲು.

ಹಬೆಯಾಡುವ ನೀರು ಬೆನ್ನಿಗೆ ಬಿದ್ದಾಗ ಅವನು ಬಿಕ್ಕಿಬಿಕ್ಕಿ ಅತ್ತ. ಆರೂ ಮಂದಿಗೆ ಅಳದೆ ಇಟ್ಟಿದ್ದ ಅಳು ಅದು. ಆರತಿ ಮಾಡಿಸಿಕೊಂಡ, ನಾಲ್ಕು ಕರ್ಜಿಕಾಯಿ ತಿಂದ, ಚಹಾ ಕುಡಿದ. ಚಹಾ ಚಹಾದ ಹಾಗೇ ಇತ್ತು.

ಹಗುರವಾಗಿ ಗಳ ಹೊತ್ತು ಹೋದ. ಹಿರಿಯರ ಪಕ್ಕದಲ್ಲಿ ನೂಲು ಹಿಡಿದ, ಒಂದು ಮೊಳ ಸೇರಿಸಿದ, ಗಳಕ್ಕೆ ಹೋಲಿಸಿದ. ಮತ್ತೊಮ್ಮೆ ಹೋಲಿಸಿದ. ಗಳ ನಾಲ್ಕು ಬೆರಳು ಗಿಡ್ಡ.

ಹಿರಿಯರು ಅವನಿಗಿಂತ ಎತ್ತರ ಇದ್ದರು. ಅಷ್ಟೇ. ಭುಜಂಗನ ಹತ್ತಿರ ಬೇರೆ ಗಳ ತರಿಸಿ, ಯಾವ ಕೊರತೆಯೂ ಇಲ್ಲದೆ ಎಲ್ಲ ನಡೆಸಿಕೊಟ್ಟ. ಸಂಜೆ ಗೋದಾವರಿಯಲ್ಲಿ ಮುಳುಗೆದ್ದು, ತನ್ನ ಗಳ ತಾನೇ ಹೊತ್ತು ಮನೆಗೆ ಬಂದ.

ಬಾಗಿಲಲ್ಲಿ ನಿಂತಿದ್ದ ಸಕ್ರವ್ವ ಅವನ ಹೆಗಲು ನೋಡಿದಳು. ಒಳಗಿಂದ ಆಕಾಶಬುಟ್ಟಿ ತಂದಳು, ಹಗ್ಗ ತಂದಳು. ಇಬ್ಬರೂ ಸೇರಿ ಎರಡೂ ಗಳ ಪಕ್ಕಪಕ್ಕಕ್ಕೆ ಜೋಡಿಸಿ ಅಂಗಳದ ಗೂಟಕ್ಕೆ ಬಿಗಿದು ನಿಲ್ಲಿಸಿ, ತುದಿಗೆ ದೀಪ ಕಟ್ಟಿದರು. ಅವನ ಫೋನನ್ನು ಅವಳು ಜೋಳದ ಡಬ್ಬಿಯಲ್ಲಿ ಹೂತಳು.

“ಎರಡ ದಿನ ಇದು ಇಲ್ಲೇ ಇರತೈತಿ. ಬಂದೋರಿಗೆ ಭುಜಂಗ ಹೊಳಿ ಘಾಟಿನ ಬ್ಯಾರೆಯವರನ್ನ ತೋರಸ್ತಾನ. ಜೀವ ಇದ್ದರ ಬೇಡಿ ತಿಂದೇವು.”

ಅವನು ಹೂಂ ಅಂದ. ಅಂದಿನಿಂದ ಪ್ರತಿ ದೀಪಾವಳಿಗೆ ಹಾಗೇ. ಎಣ್ಣೆನೀರಾದ ಮೇಲೆ ಸಕ್ರವ್ವ ಅವನನ್ನು ಆ ಗಳಕ್ಕೆ ಆನಿಸಿ ನಿಲ್ಲಿಸುತ್ತಾಳೆ. ನೆತ್ತಿಯ ಮೇಲೆ ಉಳಿದದ್ದನ್ನು ಮೊಳ ಹಾಕಿ ಅಳೆಯುತ್ತಾಳೆ. “ಇನ್ನೂ ಒಂದ ಮೊಳ ಆಯುಷ್ಯ ಐತಿ,” ಅಂದು ನೆಮ್ಮದಿಯ ಉಸಿರು ಬಿಟ್ಟ ಮೇಲೆಯೇ ಅವನಿಗೆ ಫರಾಳದ ತಿಂಡಿ.

ಮೊನ್ನೆ ಎಂಟನೆಯ ಸಲ ಅಳೆದಳು. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದಳು, ಆಮೇಲೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

“ಅಯ್ಯ, ನೋಡ್ರಿ! ಈ ಸಲ ಮೊಳದ ಮ್ಯಾಲ ಮೂರ ಬೆರಳ ಹೆಚ್ಚಾಗೈತಿ!”

ಸಾವಿರಾರು ಮೈ ಅಳೆದ ರೇವಪ್ಪನಿಗೆ ತನ್ನ ಬೆನ್ನು ಬಾಗಿದ್ದು ಗೊತ್ತಿಲ್ಲವೇ? ಗಳ ಬೆಳೆದಿರಲಿಲ್ಲ.

“ಹೌದs ಹೌದು,” ಅಂದ. “ಹಂಗಾರ ಇನ್ನೊಂದ ಕರ್ಜಿಕಾಯಿ ಹಾಕು.”