ಶಾರ್ಜಾದಲ್ಲಿ ಕಳೆದ ಮಾರ್ಚ್‌ಗಳು

ಶಂಕರಪುರದ ಗ್ಲ್ಯಾಡಿಸಳ ಗಂಡ ವರ್ಷದ ಅರ್ಧ ಸಮುದ್ರದ ಮೇಲೇ ಇರುತ್ತಿದ್ದ. ಗಲ್ಫಿನ ನಡುಗಡಲಲ್ಲಿ ಎಣ್ಣೆ ತೆಗೆಯುವ ರಿಗ್ಗಿನಲ್ಲಿ ಕ್ಲಾರೆನ್ಸನಿಗೆ ಕ್ರೇನ್ ನಡೆಸುವ ಕೆಲಸ. ಒಂದು ತಿಂಗಳು ದುಡಿದರೆ ಒಂದು ತಿಂಗಳು ರಜೆ. ಮಸ್ಕತ್, ದೋಹಾಗಳಿಗೆ ಗಂಡಂದಿರನ್ನು ಕಳಿಸಿ ಎರಡು ವರ್ಷಕ್ಕೊಮ್ಮೆ ಮುಖ ನೋಡುವ ನೆರೆಯವರು, "ನಿನಗೇನು ಮಾರಾಯ್ತಿ, ಅರ್ಧ ವರ್ಷ ಗಂಡ ಮನೆಯಲ್ಲೇ ಉಂಟು" ಎನ್ನುತ್ತಿದ್ದರು. ಗ್ಲ್ಯಾಡಿಸ್ ನಗುತ್ತಿದ್ದಳು. ಅವಳ ಪಾಲಿನ ಆ ಅರ್ಧಕ್ಕೂ ಒಂದು ಕತ್ತರಿ ಇತ್ತು.

ಹೊರದೇಶದಲ್ಲಿ ದುಡಿಯುವವನು ಏಪ್ರಿಲಿನಿಂದ ಮಾರ್ಚಿನವರೆಗಿನ ಒಂದು ವರ್ಷದಲ್ಲಿ ನೂರ ಎಂಬತ್ತೆರಡು ದಿನ ಊರಲ್ಲಿ ಕಳೆದರೆ, ಆದಾಯ ತೆರಿಗೆಯವರ ಕಣ್ಣಿಗೆ ಅವನು ಇಲ್ಲಿನ ನಿವಾಸಿ. ಆಗ ಅಲ್ಲಿನ ಸಂಬಳಕ್ಕೂ ಇಲ್ಲಿ ತೆರಿಗೆ. ಇದು ಕ್ಲಾರೆನ್ಸ್ ರಿಗ್ಗಿನ ಊಟದ ಮೇಜಿನಲ್ಲಿ ಕಲಿತ ಪಾಠ. ವಿಮಾನ ಇಳಿದ ದಿನವೂ ಲೆಕ್ಕಕ್ಕೆ, ಹತ್ತಿದ ದಿನವೂ ಲೆಕ್ಕಕ್ಕೆ. ತಿಂಗಳಿಗೆ ತಿಂಗಳು ಸರಿತೂಗುವ ಅವನ ಕೆಲಸದಲ್ಲಿ ಆ ಗೆರೆ ಯಾವಾಗಲೂ ಕಾಲ ಬುಡದಲ್ಲೇ ಇರುತ್ತಿತ್ತು. ಹಾಗಾಗಿ ಮಾರ್ಚ್ ಬಂತೆಂದರೆ, ರಜೆ ಉಳಿದಿರುವಾಗಲೇ ಸೂಟ್‌ಕೇಸ್ ಕಟ್ಟಿ ಶಾರ್ಜಾಕ್ಕೆ ಹೋಗಿ, ಚಿಕ್ಕಪ್ಪನ ಮಗ ಡೆರಿಕ್‌ನ ಕೋಣೆಯಲ್ಲಿ ಕೂರುತ್ತಿದ್ದ. ಅಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ; ಊರಲ್ಲಿ ಇಲ್ಲ ಎನ್ನಿಸಿಕೊಳ್ಳುವುದೇ ಕೆಲಸ. ಅಲ್ಲಿಂದ ನೇರ ರಿಗ್ಗಿಗೆ.

ಈಸ್ಟರ್ ಮಾರ್ಚಿನಲ್ಲಿ ಬಂದರೆ ಅವನು ಶಾರ್ಜಾದಲ್ಲಿ, ಏಪ್ರಿಲಿನಲ್ಲಿ ಬಂದರೆ ಕಡಲಿನಲ್ಲಿ. ಗ್ಲ್ಯಾಡಿಸ್ ಬೆಳಗ್ಗೆ ಬೇಗ ಎದ್ದು ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುತ್ತಾ ಫೋನನ್ನು ಚೆಂಬಿಗೆ ಒರಗಿಸಿಟ್ಟು ಮಾತಾಡುವಳು.

"ಎಂತ ಮಾಡ್ತಾ ಇದ್ದೀರಿ?"

"ಎಂತ ಇಲ್ಲ. ಕೂತಿದ್ದೇನೆ."

"ಕೂರ್ಲಿಕ್ಕೆ ಇಲ್ಲಿ ಕುರ್ಚಿ ಇಲ್ವಾ?"

ಅವನು ಬಾಲ್ಕನಿಯ ಆಚೆ ಕಾಣುವ ಇನ್ನೊಂದು ಬಾಲ್ಕನಿಯನ್ನು ತೋರಿಸುವನು. ಅಲ್ಲಿ ಯಾರದೋ ಬನಿಯನ್ನುಗಳು ಒಣಗುತ್ತಿರುತ್ತಿದ್ದವು.

ಈ ಸಲ ಈಸ್ಟರ್ ಮಾರ್ಚಿನ ಕೊನೆಯ ದಿನವೇ ಬಿದ್ದಿತ್ತು. ಟಿಕೆಟ್ ಆಗಲೇ ಆಗಿತ್ತು. ಆ ಹೊತ್ತಿಗೆ, ಇಗರ್ಜಿಯ ಪರವಾಗಿ ವಾಡೆಯ, ಎಂದರೆ ಆ ಕೇರಿಯ, ಮನೆಗಳನ್ನು ನೋಡಿಕೊಳ್ಳುವ ಗುರ್ಕಾರ್ನಿ ಸಿಸಿಲಿಯಾ ಬಾಯಿ ಅಂಗಳಕ್ಕೆ ಬಂದರು.

"ಪವಿತ್ರ ಗುರುವಾರ ಫಾದರ್ ಕಾಲು ತೊಳೆಯುವ ಹನ್ನೆರಡು ಜನರಲ್ಲಿ ನಮ್ಮ ವಾಡೆಯಿಂದ ಕ್ಲಾರೆನ್ಸನ ಹೆಸರು. ಉಗುರು ಕತ್ತರಿಸಿಕೊಂಡು ಬಾ ಮಾರಾಯ, ಫಾದರಿಗೆ ಗೀರಬೇಡ."

ಕ್ಲಾರೆನ್ಸ್ ತಲೆ ಕೆರೆದುಕೊಂಡ. "ನಾನು ಇರುವುದಿಲ್ಲ ಬಾಯಿ. ಬೇರೆ ಯಾರದಾದರೂ ಹಾಕಿ."

"ನಿನ್ನದು ಯಾವಾಗಲೂ ಇದೇ ಅಲ್ವಾ" ಎಂದು ಅವರು ಹೊರಟರು.

ಗ್ಲ್ಯಾಡಿಸ್ ಸಿಟ್ಟಾಗಲಿಲ್ಲ. ಶಿಷ್ಯರ ಪಾದ ತೊಳೆದ ಯೇಸುವಿನ ನೆನಪಿಗೆ ಈಸ್ಟರಿಗೆ ಮೂರು ದಿನ ಮುಂಚೆ ಪಾದ ತೊಳೆಯುವ ಆ ಸಂಜೆ ಪ್ರತಿ ವರ್ಷವೂ ಅವಳು ಬೇರೆಯವರ ಗಂಡಂದಿರನ್ನು ನೋಡಿ ಬಂದವಳು. ಒಮ್ಮೆಯಾದರೂ ಅಲ್ಲಿ ತನ್ನವನನ್ನು ನೋಡಬೇಕೆಂಬುದು ಅವಳು ಯಾರಿಗೂ ಹೇಳದ ಆಸೆ. ಮರುದಿನ ಅವಳು ಗಂಡನ ಪಾಸ್‌ಪೋರ್ಟುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೊರಟು ನಿಂತಳು.

"ಅಂಬಲಪಾಡಿಯಲ್ಲಿ ತೆರಿಗೆ ಕೆಲಸ ಮಾಡುವ ಜಿತೇಂದ್ರ ಅಂತ ಒಬ್ಬರು ಇದ್ದಾರಂತೆ. ಬರ್ತೀರಾ, ನಾನೊಬ್ಬಳೇ ಹೋಗಲಾ?"

"ಸುಮ್ಮನೆ ಇದ್ದವರನ್ನು ಕೆದಕಿ ಎಂತಕ್ಕೆ? ಕೇಳಿದರೆ ನೋಟಿಸ್ ಬರ್ತದೆ."

"ಕೇಳಿದ್ದಕ್ಕೆ ನೋಟಿಸ್ ಕೊಡ್ಲಿಕ್ಕೆ ಅವರೇನು ನಿಮ್ಮ ಕನ್ನಡ ಮೇಷ್ಟ್ರಾ?"

ಕ್ಲಾರೆನ್ಸ್ ಚಪ್ಪಲಿ ಮೆಟ್ಟಿದ.

ಜಿತೇಂದ್ರ ಪಾಸ್‌ಪೋರ್ಟುಗಳ ಮೊಹರುಗಳನ್ನು ಒಂದೊಂದಾಗಿ ನೋಡಿದರು. ಸಂಬಳ ಎಲ್ಲಿಗೆ ಬರುತ್ತದೆ ಎಂದು ಕೇಳಿದರು. ಅಲ್ಲಿನ ಬ್ಯಾಂಕಿಗೇ ಬರುತ್ತದೆ, ತಾನೇ ಮತ್ತೆ ಊರಿಗೆ ಕಳಿಸುತ್ತೇನೆ ಎಂದ ಕ್ಲಾರೆನ್ಸ್.

"ಹಾಗಾದರೆ ಈ ವರ್ಷ ನೀವು ಊರಲ್ಲೇ ಕೂರಬಹುದು" ಎಂದರು ಜಿತೇಂದ್ರ. "ನಿವಾಸಿ ಎಂದರೆ ಎಲ್ಲರೂ ಒಂದೇ ಅಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷವಾದರೂ ಅನಿವಾಸಿ ಆಗಿದ್ದವನು ಒಂದು ಸಲ ಗೆರೆ ದಾಟಿದರೆ, ಅವನ ಹೊರಗಿನ ಸಂಬಳವನ್ನು ಕಾನೂನು ಮುಟ್ಟುವುದಿಲ್ಲ. ಇಲ್ಲಿನ ಬಡ್ಡಿಗೆ ತೆರಿಗೆ ಹೇಗೂ ಉಂಟು, ಅದು ಬೇರೆ. ಆದರೆ ಪ್ರತಿ ವರ್ಷ ದಾಟುತ್ತಾ ಹೋದರೆ ಈ ರಕ್ಷಣೆ ನಿಲ್ಲುತ್ತದೆ. ಒಂದೆರಡು ವರ್ಷ ಅಷ್ಟೇ."

ಕ್ಲಾರೆನ್ಸ್ ಹೆಂಡತಿಯ ಮುಖ ನೋಡಿದ. ಅವಳು ಜಿತೇಂದ್ರರನ್ನೇ ನೋಡುತ್ತಿದ್ದಳು.

"ಹಾಗಾದರೆ ಮೊದಲೂ..."

"ಮೊದಲೂ ಯಾವುದಾದರೂ ಒಂದು ವರ್ಷ ಧೈರ್ಯವಾಗಿ ಇರಬಹುದಿತ್ತು, ಬಾಯಮ್ಮ. ರಿಗ್ಗಿನವರು ಎಲ್ಲರೂ ಹೀಗೇ. ಅರ್ಧ ನಿಯಮ ಕೇಳಿ ಓಡಿಹೋಗ್ತಾರೆ."

ಶಂಕರಪುರದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಒಂದೇ ಒಂದು ವರ್ಷ ಸಿಗುತ್ತಿದ್ದರೆ ಯಾವುದನ್ನು ಕೇಳುತ್ತಿದ್ದೆ ಎಂದು ಗ್ಲ್ಯಾಡಿಸ್ ಯೋಚಿಸುತ್ತಿದ್ದಳು. ಮಗಳು ಬ್ರೆಂಡಾ ಇನ್ನೂ ಚಿಕ್ಕವಳಿದ್ದಾಗ, ಗರಿಗಳ ಹಬ್ಬಕ್ಕೆ ತೆಂಗಿನ ಗರಿ ಹಿಡಿದು ಅಪ್ಪ ಎಲ್ಲಿ ಎಂದು ಅತ್ತ ವರ್ಷವೇ? ಈಗ ಬ್ರೆಂಡಾ ಕುವೈತಿನ ಆಸ್ಪತ್ರೆಯಲ್ಲಿ ನರ್ಸ್. ಈಸ್ಟರಿಗೆ ಅವಳಿಗೂ ರಜೆ ಇಲ್ಲ. ಮನೆಯಲ್ಲಿ ಮೂವರೂ ಒಟ್ಟಿಗೆ ಇರಬಹುದಾಗಿದ್ದ ಈಸ್ಟರುಗಳು ಮುಗಿದುಹೋಗಿದ್ದವು.

ಕಟಪಾಡಿ ದಾಟುವಾಗ ಕ್ಲಾರೆನ್ಸನೇ ಬಾಯಿಬಿಟ್ಟ. "ನಿನ್ನ ಅಮ್ಮ ತೀರಿಹೋದ ವರ್ಷ."

ಅವಳು ತಿರುಗಿದಳು.

"ಆ ವರ್ಷ ಇರಬೇಕಿತ್ತು, ಗ್ಲ್ಯಾಡಿ. ಡೆರಿಕ್‌ನ ಮಂಚದ ಮೇಲೆ ಕೂತು ಫೋನಿನಲ್ಲಿ ನೋಡಿದೆ. ಪೆಟ್ಟಿಗೆ ಗುಂಡಿಗೆ ಇಳಿಸುವಾಗ ನೆಟ್ ಹೋಯ್ತು."

ಅದನ್ನು ಅವನು ಯಾವತ್ತೂ ಹೇಳಿರಲಿಲ್ಲ. ಅವಳು ಅವನ ಕೈ ಹಿಡಿಯಲಿಲ್ಲ, ಬಸ್ಸಿನಲ್ಲಿ ಗುರುತಿನವರಿದ್ದರು. ಚೀಲವನ್ನು ಅವನ ತೊಡೆಯ ಮೇಲೆ ಇಟ್ಟು, "ಹಿಡ್ಕೊಳ್ಳಿ" ಎಂದಳು.

ಟಿಕೆಟ್ ರದ್ದಾಯಿತು, ಸಿಸಿಲಿಯಾ ಬಾಯಿಯ ಪಟ್ಟಿಗೆ ಕ್ಲಾರೆನ್ಸನ ಹೆಸರು ಮರಳಿತು. ಗುರುವಾರ ಸಂಜೆ ಇಗರ್ಜಿಯಲ್ಲಿ ಹನ್ನೆರಡು ಗಂಡಸರು ಬಲಿಪೀಠದ ಮುಂದೆ ಸಾಲಾಗಿ ಕೂತರು. ಫಾದರ್ ಬಗ್ಗಿ ಕ್ಲಾರೆನ್ಸನ ಬಲಗಾಲಿಗೆ ನೀರು ಹನಿಸಿದರು. ವರ್ಷಗಟ್ಟಲೆ ಬೂಟಿನೊಳಗೇ ಇದ್ದ ಆ ಪಾದ ಅವನ ಮುಖಕ್ಕಿಂತ ಎಷ್ಟೋ ಬಿಳಿ ಇತ್ತು. ಅಷ್ಟು ವರ್ಷದ ಗಂಡನ ಪಾದವನ್ನು ಮೊದಲ ಸಲ ನೋಡುವವಳ ಹಾಗೆ ಗ್ಲ್ಯಾಡಿಸ್ ನೋಡಿದಳು. ಸೋಮವಾರ ಅವನು ರಿಗ್ಗಿಗೆ ಹೊರಡುವವನು. ಅವಳ ಪಕ್ಕದ ಜಾಗ ಈ ಗುರುವಾರವೂ ಖಾಲಿಯೇ ಇತ್ತು, ಅವನು ಮುಂದೆ ಕೂತಿದ್ದನಲ್ಲ.

ಬಟ್ಟೆಯಲ್ಲಿ ಒರೆಸಿ ಮುಗಿದ ಮೇಲೆ ಹನ್ನೆರಡು ಜನರೂ ಪೂಜೆ ಮುಗಿಯುವವರೆಗೆ ಅಲ್ಲೇ ಕೂರಬೇಕು. ಕ್ಲಾರೆನ್ಸನಿಗೆ ಅದು ಗೊತ್ತಿರಲಿಲ್ಲ. ಅವನು ಎದ್ದು, ಚಪ್ಪಲಿಯನ್ನೂ ಮರೆತು, ನಡುವಿನ ದಾರಿಯಲ್ಲಿ ನೇರ ಅವಳಿದ್ದ ಬೆಂಚಿಗೆ ಬಂದ. ಸಿಸಿಲಿಯಾ ಬಾಯಿ ಮುಂದಿನಿಂದ ಕೈಸನ್ನೆ ಮಾಡುತ್ತಿದ್ದರು. ತಿರುಗಿ ಹೋಗಿ ಕೂರಿ ಎಂದು ಅವನಿಗೆ ಹೇಳಬೇಕಾದವಳು ಗ್ಲ್ಯಾಡಿಸ್. ಅವಳು ಸೆರಗು ಎಳೆದುಕೊಂಡು, ಸ್ವಲ್ಪ ಸರಿದು ಜಾಗ ಕೊಟ್ಟಳು.