ದರ್ಜಿ ಅಳೆದ ಬಾಗಿಲು

ದರ್ಜಿ ನಮ್ಮ ಚರ್ಚಿನ ದುರಸ್ತಿ ತಂಡಕ್ಕೆ ಸೇರಿದ್ದು ಬರೀ ಸೇವಾಭಾವದಿಂದ ಎಂದು ಪಾದ್ರಿಗಳು ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ಹೊಗಳಿದರು. ದರ್ಜಿ ತಲೆ ತಗ್ಗಿಸಿ ಕೂತಿದ್ದ. ವಿನಯ ಅಂದುಕೊಂಡೆವು. ಪಕ್ಕದಲ್ಲಿದ್ದ ಅವನ ಹೆಂಡತಿ ಮಾತ್ರ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಅವಳಿಗೆ ನಿಜ ಗೊತ್ತಿತ್ತು.

ಹೊಳೆಯ ನೀರು ಕೆಳಗಿನ ಬೀದಿಗೆ ನುಗ್ಗಿದಾಗ ದರ್ಜಿಯ ಅತ್ತೆ ಒಂದು ಗಂಟು ಹೊತ್ತುಕೊಂಡು ಮಗಳ ಮನೆಗೆ ಬಂದಿದ್ದರು. ಮನೆ ಅಂದರೆ ಹೊಲಿಗೆ ಅಂಗಡಿಯ ಹಿಂದಿನ ಒಂದೇ ಕೋಣೆ. ಅಲ್ಲಿ ಮಂಚಕ್ಕೆ ಜಾಗವಿಲ್ಲದೆ ಅತ್ತೆಯ ಹಾಸಿಗೆ ಹೊಲಿಗೆ ಯಂತ್ರದ ಪಕ್ಕಕ್ಕೆ ಬಂತು. ಅತ್ತೆ ಗೋಡೆಗೆ ಒರಗಿ ಕೂತು ಅಳಿಯ ಹೊಲಿಯುವುದನ್ನು ಬೆಳಗಿನಿಂದ ಸಂಜೆಯವರೆಗೆ ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆ ಮೌನಕ್ಕೆ ಅವನ ಲೆಕ್ಕ ತಪ್ಪಿ, ಪೊಲೀಸರೊಬ್ಬರ ಪ್ಯಾಂಟಿನ ಎರಡು ಜೇಬೂ ಒಂದೇ ಕಡೆಗೆ ಬಂದುಬಿಟ್ಟವು. ನಮ್ಮ ತಂಡ ದುರಸ್ತಿ ಮಾಡುತ್ತಿದ್ದುದು ಆ ಬೀದಿಯ ಮನೆಗಳನ್ನೇ. ಅತ್ತೆಯ ಮನೆ ಬೇಗ ರಿಪೇರಿಯಾದರೆ ಅತ್ತೆ ಬೇಗ ಹೊರಡುತ್ತಾರೆ. ಅವನ ಸೇವಾಭಾವದ ಬುಡ ಇಷ್ಟೇ.

ಅತ್ತೆಯ ಮೌನಕ್ಕೂ ಒಂದು ಕಥೆಯಿದೆ. ಮದುವೆಗೆ ಮುಂಚೆ ದರ್ಜಿ ಅತ್ತೆಗೆಂದು ಒಂದು ಕಂದು ಗೌನು ಹೊಲಿದಿದ್ದ. ಅತ್ತೆಯಾಗುವವರ ಸುತ್ತ ಟೇಪು ಹಿಡಿಯಲು ನಾಚಿಕೆಯಾಗಿ, ದೂರದಿಂದಲೇ ಕಣ್ಣಳತೆ ತೆಗೆದಿದ್ದ. ಮದುವೆಯ ದಿನ ಅತ್ತೆಗೆ ಕೈ ಎತ್ತಲು ಆಗಲಿಲ್ಲ. ಬಂದವರಿಗೆಲ್ಲ ಮೊಣಕೈ ಪಕ್ಕೆಗೆ ಅಂಟಿಸಿಕೊಂಡೇ ಕೈಕುಲುಕಿದರು. "ಬಿಚ್ಚಿ ಸರಿಮಾಡಿ ಕೊಡ್ತೀನಿ ಅತ್ತೆ, ಒಳಗೆ ಬಟ್ಟೆ ಬಿಟ್ಟಿದೀನಿ" ಎಂದು ಅವನು ಮೂರು ಸಲ ಕೇಳಿದ. "ಬೇಡ ದರ್ಜಿಯವರೇ, ನೆಲ ಒರೆಸೋಕೆ ಚೆನ್ನಾಗಿದೆ" ಅಂದರು. ಅಂದಿನಿಂದ ಅವನು ಅವರ ಬಾಯಲ್ಲಿ ದರ್ಜಿಯವರೇ ಆಗಿ ಉಳಿದ, ಯಾವುದೋ ಅಂಗಡಿಯವನನ್ನು ಕರೆದ ಹಾಗೆ. ಅವನಾದರೋ ಅಂದಿನಿಂದ ಯಾವ ಬಟ್ಟೆಯನ್ನೂ ಅಳತೆಗಿಂತ ದೊಡ್ಡದಾಗಿಯೇ ಕತ್ತರಿಸುತ್ತಾನೆ.

ತಂಡದ ಮುಖ್ಯಸ್ಥ ಬಸ್ ಡ್ರೈವರ್. ಕೆಸರು ಹೊರುವವರಿಗೂ ಅವನು "ಮುಂದೆ ಹೋಗಿ, ಮುಂದೆ ಜಾಗ ಇದೆ" ಅನ್ನುತ್ತಿದ್ದ. ದರ್ಜಿ ಗುದ್ದಲಿ ಹಿಡಿದದ್ದನ್ನು ನೋಡಿ ಡ್ರೈವರಿಗೆ ಕನಿಕರ ಬಂತು. ಇಸ್ತ್ರಿ ಕೆಡಬಾರದು ಎನ್ನುವ ಹಾಗೆ ದರ್ಜಿ ಕೆಸರನ್ನು ಮೆಲ್ಲಗೆ ಎತ್ತಿ ಮೆಲ್ಲಗೆ ಇಡುತ್ತಿದ್ದ.

"ಅಣ್ಣ, ನಿಂಗೆ ಚೆನ್ನಾಗಿ ಬರೋ ಕೆಲಸ ಯಾವುದು ಹೇಳಿಬಿಡು" ಅಂದ ಡ್ರೈವರ್.

"ಅಳತೆ ತೆಗೆಯೋದು."

ಇದು ದೇವರೇ ಕೊಟ್ಟ ಉತ್ತರ ಅನ್ನಿಸಿತು. ಆ ಬೀದಿಯ ಕದಗಳೆಲ್ಲ ನೀರು ಕುಡಿದು ಸೀಳಿಹೋಗಿದ್ದವು. ಸೇತುವೆಯಾಚೆಯ ಬಡಗಿ ಹೊಸ ಕದ ಮಾಡಿಕೊಡಲು ಒಪ್ಪಿದ್ದ, ಬಂದು ಅಳೆಯಲು ಮಾತ್ರ ಅವನಿಗೆ ಪುರುಸೊತ್ತಿರಲಿಲ್ಲ. ದರ್ಜಿ ಕೊರಳಿಗೆ ಟೇಪು ಹಾಕಿಕೊಂಡು ಮನೆ ಮನೆಗೂ ಹೋದ. ಎರಡೆರಡು ಸಲ ಅಳೆದ. ಚೌಕಟ್ಟಿನ ಎದುರು ಮಂಡಿಯೂರಿ, ಬಾಯಲ್ಲಿ ಗುಂಡುಸೂಜಿ ಇಲ್ಲದಿದ್ದರೂ ಇದ್ದವನ ಹಾಗೆ ತುಟಿ ಬಿಗಿಹಿಡಿದು ಅಳೆದ. ಅವನು ಹೇಳಿದ ಅಳತೆಗೆ ಬಡಗಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕದ ಮಾಡಿ ಕಳಿಸಿದ.

ಮೊದಲ ಕದವನ್ನು ಅಂಚೆಯವರ ಮನೆಗೆ ಹೊತ್ತೆವು. ಹೇಗೆ ತಿರುಗಿಸಿದರೂ ಅದು ಚೌಕಟ್ಟಿನೊಳಗೆ ಇಳಿಯಲಿಲ್ಲ.

"ಏನಣ್ಣ ಇದು, ಬಾಗಿಲೋ ಗೋಡೆಯೋ?" ಡ್ರೈವರ್ ಬೆವರು ಒರೆಸಿಕೊಂಡ.

"ಅಳತೆ ಸರಿಯಾಗೇ ಇದೆ. ಸ್ವಲ್ಪ ಒಳಗೆ ಬಿಟ್ಟಿದೀನಿ."

"ಎಷ್ಟು ಬಿಟ್ಟೆ?"

"ಅರ್ಧ ಇಂಚು. ಎರಡು ಕಡೆಗೂ."

"ಯಾಕೆ ಅಂತ ಕೇಳ್ಬಹುದಾ?"

"ಹಾಗೇ ಬಿಡೋದು. ಮುಂದೆ ಬೇಕಾಗತ್ತೆ ಅಂತ."

ಡ್ರೈವರ್ ಕದವನ್ನು ಗೋಡೆಗೆ ಒರಗಿಸಿದ. "ಮದುವೆ ಆದ್ಮೇಲೆ ಬಾಗಿಲೂ ದಪ್ಪ ಆಗತ್ತೇನಣ್ಣ?"

ಎಲ್ಲ ಕದಗಳೂ ಹಾಗೇ ಇದ್ದವು. ಮುಂದಿನ ಶನಿವಾರ ಪೂರ್ತಿ ನಾವು ಉಜ್ಜುಗೊರಡು ಹಿಡಿದು ಅಂಚು ಹೆರೆದೆವು. ಚರ್ಚಿನ ಅಂಗಳದಲ್ಲಿ ಮರದ ಸುರುಳಿಗಳ ರಾಶಿ ಬಿತ್ತು. ಹೋಗಿ ಬರುವವರೆಲ್ಲ ದರ್ಜಿಯನ್ನು, ಅಣ್ಣ ಈ ಬಾಗಿಲಿಗೆ ಗುಂಡಿ ಎಲ್ಲಿ, ಕಾಲರ್ ಎಲ್ಲಿ ಎಂದು ಕೇಳಿದರು. ಅವನು ಪ್ರತಿಯೊಬ್ಬರಿಗೂ ಗಂಭೀರವಾಗಿ, "ತಪ್ಪಾಯ್ತು" ಎಂದು ಉತ್ತರ ಕೊಟ್ಟ.

ಸುದ್ದಿ ಅತ್ತೆಯ ಕಿವಿಗೂ ಬಿತ್ತು. "ದರ್ಜಿಯವರು ಅಳೆದ ಬಾಗಿಲು ನನಗೆ ಬೇಡ. ಬಡಗಿಗೆ ಬಿಡುವಾದಾಗ ಅವನೇ ಬಂದು ಅಳೆದು ಮಾಡ್ಲಿ. ಅಲ್ಲೀವರೆಗೂ ಇಲ್ಲೇ ಇರ್ತೀನಿ" ಎಂದು ಹಾಸಿಗೆಯ ಮೇಲೆ ಕೂತೇ ತೀರ್ಪು ಕೊಟ್ಟರು. ಬಡಗಿಗೆ ಬಿಡುವು ಎನ್ನುವುದು ಯಾವ ಕಾಲಕ್ಕೆ ಎಂದು ಬಡಗಿಗೇ ಗೊತ್ತಿರಲಿಲ್ಲ. ದರ್ಜಿ ಅಂದು ಊಟ ಬಿಟ್ಟ. ಅತ್ತೆ ಹೊರಡಲಿ ಎನ್ನುವುದು ಈಗ ಹಿಂದೆ ಸರಿದಿತ್ತು. ಒಂದು ಸಲ ಅವರು ಗೌನು ಬೇಡ ಅಂದಿದ್ದರು. ಈಗ ಬಾಗಿಲೂ ಬೇಡ ಅಂದರೆ, ತಾನು ಅಳೆದದ್ದು ಅವರಿಗೆ ಯಾವತ್ತೂ ಆಗುವುದಿಲ್ಲ ಎಂದೇ ಆಯಿತು.

ಕೊನೆಗೆ ಡ್ರೈವರ್ ಹೋಗಿ ಒಂದು ಒಪ್ಪಂದ ಮಾಡಿಸಿದ. ಕದ ಕೂರಿಸಿ ತೋರಿಸುವುದು. ಮುಚ್ಚಿದರೆ ಮುಚ್ಚಿಕೊಳ್ಳಬೇಕು, ತೆರೆದರೆ ತೆರೆದುಕೊಳ್ಳಬೇಕು. ಇಲ್ಲವಾದರೆ ಬಡಗಿಯ ಬಾಗಿಲೇ ಸರಿ. "ಎರಡೂ ಆಗ್ಬೇಕು" ಎಂದು ಅತ್ತೆ ಬೆರಳು ಎತ್ತಿದರು.

ಆ ಕದವನ್ನು ದರ್ಜಿ ಬೇರೆಯವರಿಗೆ ಮುಟ್ಟಲು ಕೊಡಲಿಲ್ಲ. ತಾನೇ ಹೆರೆದ. ಒಂದು ಸಲ ಗೊರಡು ಎಳೆಯುವುದು, ಹತ್ತು ಸಲ ಟೇಪು ಹಿಡಿಯುವುದು. ಜಾಸ್ತಿ ತೆಗೆದರೆ ಮತ್ತೆ ಸೇರಿಸಲಾಗುವುದಿಲ್ಲ ಎಂಬ ಭಯಕ್ಕೆ ಕೊನೆಯ ಒಂದು ಎಳೆ ಹಾಗೇ ಉಳಿಸಿದ. ನಾವು ಕದವನ್ನು ಚೌಕಟ್ಟಿನ ಬಿಜಾಗರಿಗೆ ಸೇರಿಸಿ ಹೊರಗೆ ನಿಂತೆವು. ಹಿಡಿ, ಚಿಲಕ ಇನ್ನೂ ಹಾಕಿರಲಿಲ್ಲ. ದರ್ಜಿ ಒಳಗೆ ಇದ್ದ. ಅತ್ತೆಯೂ ಒಳಗೆ ಹೋಗಿ ಒಂದು ಬೆರಳಿನಿಂದ ಕದ ತಳ್ಳಿದರು. ಅದು ಮುಕ್ಕಾಲು ಬಂದು ನಿಂತಿತು.

"ನೋಡಿದ್ರಾ, ಮುಚ್ಚಲ್ಲ."

"ಇನ್ನೊಂಚೂರು ಹೆರೆದ್ರೆ—"

"ಮುಚ್ಚಲ್ಲ ಅಂದ್ರೆ ಮುಚ್ಚಲ್ಲ" ಎನ್ನುತ್ತ ಅತ್ತೆ, ಅದು ಎಷ್ಟು ಮುಚ್ಚುವುದಿಲ್ಲ ಎಂದು ನಮಗೆಲ್ಲ ತೋರಿಸಲು, ಭುಜ ಕೊಟ್ಟು ಗುದ್ದಿದರು. ಅತ್ತೆಯ ಮೈಕಟ್ಟು ಸಣ್ಣದಲ್ಲ. ಧಡ್ ಎಂದು ಕದ ಮುಚ್ಚಿಕೊಂಡಿತು.

ಒಳಗಿನಿಂದ ಕದ ಕೆರೆಯುವ ಸದ್ದು ಬಂತು.

"ತೆಗೀರಿ" ಅಂದರು ಅತ್ತೆ.

ತೆಗೆಯಲು ಹಿಡಿಯೇ ಇರಲಿಲ್ಲ. ಹೊರಗಿನಿಂದ ನಾಲ್ಕು ಜನ ತಳ್ಳಿದರೂ ಅದು ಕದಲಲಿಲ್ಲ. ಡ್ರೈವರ್ ಕಿಟಕಿಯ ಹತ್ತಿರ ಹೋಗಿ, "ಇಳಿಯೋರು ಹಿಂದಿನ ಬಾಗಿಲಿಂದ ಇಳೀರಿ" ಅಂದ. ಹಿಂದಿನ ಬಾಗಿಲಿಗೆ ಅಡುಗೆಮನೆ ದಾಟಿ ಹೋಗಬೇಕು. ಅಲ್ಲಿ ಅಂದು ಬೆಳಿಗ್ಗೆಯಷ್ಟೇ ಸಿಮೆಂಟ್ ನೆಲ ಹಾಕಿದ್ದೆವು.

"ನನ್ನ ಹಸಿ ನೆಲದ ಮೇಲೆ ಯಾರಾದ್ರೂ ಕಾಲಿಡ್ಲಿ, ಕಾಲು ಮುರೀತೀನಿ" ಎಂಬ ಉತ್ತರ ಬಂತು.

ಪಾದ್ರಿಗಳು ಬಡಗಿಗೆ ಫೋನ್ ಮಾಡಿದರು. ಅವನು ಸೈಕಲ್ ತುಳಿದುಕೊಂಡು ಬರಬೇಕು. ಕಿಟಕಿಗೆ ಸರಳು ಇತ್ತು, ಗಾಜು ಇರಲಿಲ್ಲ. ಆದ್ದರಿಂದ ಮುಂದಿನದನ್ನು ಹೊರಗೆ ನಿಂತವರೆಲ್ಲ ಕೇಳಿಸಿಕೊಂಡೆವು. ಕೇಳಿಸಿಕೊಳ್ಳದವರ ಹಾಗೆ ಮುಖ ಮಾಡಿಕೊಂಡಿದ್ದೆವು, ಅಷ್ಟೇ.

ಅತ್ತೆ ಸೇತುವೆಯ ಕಡೆ ನೋಡಲು ಮೇಲಿನ ಸರಳು ಹಿಡಿದು ನಿಂತರು. ಎರಡೂ ಕೈ ಮೇಲಿದ್ದವು. ಗಂಡ ತೀರಿಹೋದಂದಿನಿಂದ ಅವರು ಕಪ್ಪು ಗೌನುಗಳನ್ನೇ ಹಾಕುತ್ತಿದ್ದರು. ಅಳಿಯ ಅವರನ್ನು ನೇರವಾಗಿ ನೋಡಿದ್ದೇ ಕಡಿಮೆ. ಈಗ ಆ ಪುಟ್ಟ ಕೋಣೆಯಲ್ಲಿ ನೋಡಲು ಬೇರೆ ಏನೂ ಇರಲಿಲ್ಲ. ತೋಳಿನ ಕೆಳಗೆ, ಹೊಲಿಗೆಯ ಪಕ್ಕದಲ್ಲಿ, ಹಳೆಯ ಹೊಲಿಗೆಯ ಸೂಜಿತೂತುಗಳ ಸಾಲು ಕಂಡಿತು. ಅದರಾಚೆ ಇನ್ನೊಂದು ಸಾಲು. ತೂತುಗಳ ಅಂಚಿನಲ್ಲಿ ಬಣ್ಣ ಹತ್ತದೆ ಉಳಿದ ಕಂದು.

"ಅತ್ತೆ" ಅಂದ ದರ್ಜಿ. "ಇದು ಆ ಗೌನಾ?"

"ಮತ್ತಿನ್ಯಾವುದು."

"ನೆಲ ಒರೆಸ್ತೀನಿ ಅಂದಿದ್ರಿ."

"ಇಷ್ಟು ಒಳ್ಳೆ ಬಟ್ಟೇಲಿ ಯಾರು ನೆಲ ಒರೆಸ್ತಾರೆ. ಕಪ್ಪು ಬಣ್ಣ ಹಾಕಿಸ್ದೆ."

"ಎರಡು ಸಲ ಬಿಚ್ಚಿ ಹೊಲಿದಿದೀರಿ."

"ದಪ್ಪ ಆದ ಹಾಗೆಲ್ಲ ಬಿಚ್ದೆ. ಒಳಗೆ ಅಷ್ಟು ಬಟ್ಟೆ ಬಿಟ್ಟಿದ್ರಲ್ಲ. ಇನ್ನೂ ಒಂದು ಸಲಕ್ಕೆ ಇದೆ." ಒಂದು ಕೈ ಇಳಿಸಿ ಗೌನು ಸವರಿಕೊಂಡು ಅಂದರು, "ನೀರು ಬಂದಾಗ ಎತ್ಕೊಂಡು ಓಡಿದ ಗಂಟಲ್ಲಿ ಇದ್ದಿದ್ದು ಇದೇ."

"ಒಂದು ಮಾತು ಹೇಳಿದ್ರೆ ನಾನೇ ಬಿಚ್ಚಿ ಕೊಡ್ತಿದ್ದೆ."

"ಮತ್ತೆ ದೂರದಿಂದ ಕಣ್ಣಳತೆ ತೆಗೀತಿದ್ರಿ."

ಹೊರಗೆ ಡ್ರೈವರಿಗೆ ಕೆಮ್ಮು ಬಂತು. ಪಾದ್ರಿಗಳು ಆಕಾಶ ನೋಡಿದರು.

ಬಡಗಿ ಬಂದು ಸಂದಿಗೆ ಬೆಣೆ ಹೊಡೆದ. ಕದ ಕಿರ್ರೆಂದು ತೆರೆದುಕೊಂಡಿತು. ಅವನು ಅಂಚು ಸವರಿ ನೋಡಿ, "ನಾನೇ ಹೊಸದು ಮಾಡ್ಕೊಡ್ಲಾ ಅಮ್ಮ?" ಎಂದು ಕೇಳಿದ. ದರ್ಜಿ ಅಡುಗೆಮನೆಯ ಹೊಸ್ತಿಲಿಗೆ ಸರಿದು, ಶಾಲೆಯಲ್ಲಿ ಫಲಿತಾಂಶ ಕೇಳುವವನ ಹಾಗೆ ನಿಂತಿದ್ದ.

"ಒಪ್ಪಂದದ ಪ್ರಕಾರ ಬಾಗಿಲು ಅರ್ಧ ಪಾಸು" ಅಂದ ಡ್ರೈವರ್. "ಮುಚ್ಚಿಕೊಳ್ತು, ತೆರೆದುಕೊಳ್ಳಲಿಲ್ಲ."

ಅತ್ತೆ ಕದವನ್ನು ಎರಡು ಸಲ ಆಡಿಸಿ ನೋಡಿದರು. "ದೊಡ್ಡದಾದ್ರೆ ತೆಗೀಬಹುದು, ಚಿಕ್ಕದಾದ್ರೆ ಏನ್ಮಾಡೋದು? ಇದೇ ಇರ್ಲಿ" ಅಂದರು. ಆಮೇಲೆ ತಿರುಗಿ ನೋಡದೆಯೇ, "ಇನ್ನೊಂದು ಎಳೆ ಹೆರೀರಿ ಅಳಿಯಂದ್ರೇ. ಜಾಸ್ತಿ ಬೇಡ" ಅಂದರು.

ಅಳಿಯಂದ್ರೇ ಎಂಬುದು ಕಿವಿಗೆ ಬಿದ್ದದ್ದೇ ದರ್ಜಿ ಒಂದು ಹೆಜ್ಜೆ ಹಿಂದಕ್ಕಿಟ್ಟ. ಹಿಂದೆ ಇದ್ದದ್ದು ಹಸಿ ನೆಲ.

ಕಾಲು ಮುರಿಯುವ ಮಾತನ್ನು ಅತ್ತೆ ಎತ್ತಲಿಲ್ಲ. ಅವನ ಕಾಲು ಊರಿದ ಆ ಗುಳಿ ಮುಚ್ಚಿಕೊಡುತ್ತೇವೆ ಎಂದು ತಂಡದವರು ಎರಡು ಸಲ ಸಿಮೆಂಟ್ ಹಿಡಿದುಕೊಂಡು ಹೋದೆವು. ಎರಡು ಸಲವೂ ಅತ್ತೆ ಏನೋ ಕೆಲಸವಿದೆಯೆಂದು ನಮ್ಮನ್ನು ಹೊಸ ಬಾಗಿಲಿಂದಲೇ ವಾಪಸು ಕಳಿಸಿದರು. ಈಗ ಅದರ ಮೇಲೆ ಒಂದು ಚಾಪೆ ಹಾಕಿದ್ದಾರೆ. ಮನೆಗೆ ಯಾರಾದರೂ ಹೊಸಬರು ಬಂದರೆ ಚಾಪೆ ಎತ್ತಿ, "ನಮ್ಮ ಅಳಿಯಂದ್ರ ಕಾಲಳತೆ ನೋಡಿ" ಎಂದು ತೋರಿಸುತ್ತಾರೆ.