ಅಕ್ಕನ ಗರ್ಭಕೋಶ, ನನ್ನ ವಾದ

ಅಕ್ಕನಿಗೆ ಮದುವೆಯಾಗಿ ಏಳು ವರ್ಷವಾಗಿತ್ತು. ಗಂಡನ ಮನೆ ಮಡಂತ್ಯಾರಿನಲ್ಲಿ, ಗಂಡ ಮಸ್ಕತ್ತಿನ ಹೋಟೆಲಿನಲ್ಲಿ. ಮಗುವಾಗದಿದ್ದಕ್ಕೆ ಮೊದಲು ಭಾವನ ರಜೆಯನ್ನೇ ಕಾರಣ ಮಾಡಿದರು. ಅಕ್ಕ ಎರಡು ವರ್ಷ ಅಲ್ಲಿಗೇ ಹೋಗಿ ಇದ್ದು ಬಂದ ಮೇಲೆ ಆ ಕಾರಣವೂ ಹೋಯಿತು. ಇಬ್ಬರ ಪರೀಕ್ಷೆಗಳೂ ಸರಿಯಾಗಿಯೇ ಬಂದವು.

ಆಗ ಮಾಮಿ, ಅಂದರೆ ಅಕ್ಕನ ಅತ್ತೆ, ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ನೋಡಿ, ದೋಷ ಹೆಣ್ಣಿನ ಕಡೆಯ ಮೂಲನಾಗನದ್ದು, ಕುಟುಂಬದ ನಾಗದೇವರದ್ದು ಎಂದರು. ನಮ್ಮಲ್ಲಿ ಕುಟುಂಬವನ್ನು ತಾಯಿಯ ಕಡೆಯಿಂದ ಹೇಳುವುದು. ಹಾಗಾಗಿ ಅದು ಅಮ್ಮನ ನಾಗ, ಅಕ್ಕನ ನಾಗ, ನನ್ನ ನಾಗ. ಆ ದೋಷ ಕಳೆಯುವ ಆಶ್ಲೇಷಾ ಬಲಿ ಪೂಜೆ ಮಾಡಿಸಬೇಕಾದವರು ಬಂಟ್ವಾಳದ ನಾವು. ಅಮ್ಮ ಕೂಡಲೇ ಒಪ್ಪಿದಳು. ನಾನು ಒಪ್ಪಲಿಲ್ಲ.

ನಾನು ಮೂಡುಬಿದಿರೆಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರವೋ ವಿರೋಧವೋ ಎಂದು ಚೀಟಿ ಎತ್ತಿ, ಬಂದದ್ದನ್ನು ಅರ್ಧ ಗಂಟೆಯೊಳಗೆ ನಂಬುವ ವಿದ್ಯೆ ಅಲ್ಲಿ ಕಲಿತದ್ದು. ಈಗ ಕೆಲಸವೂ ಅದೇ ಊರಿನಲ್ಲಿ. ಅಕ್ಕನನ್ನು ಅಲ್ಲಿನ ಒಬ್ಬ ವೈದ್ಯೆಗೆ ತೋರಿಸಿದೆ. ಅವರು ಸಪೂರ ಕೊಳವೆ ಹಾಕಿ ಗರ್ಭಕೋಶದ ಒಳಪದರದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ತರಲು ಹೋದವಳು ನಾನೊಬ್ಬಳೇ.

"ಹಳೆಯ ಉರಿಯೂತ ಉಂಟು," ಎಂದರು ವೈದ್ಯೆ. "ಗರ್ಭಕೋಶದ ಒಳಗೆ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಅಂತ ನಾವೆಲ್ಲ ಓದಿದ್ದು. ಈಗ ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಕೆಲವು ಅಲ್ಲಿ ಸೇರಿಕೊಂಡ್ರೆ ಒಳಪದರ ಯಾವಾಗ್ಲೂ ಕೆರಳಿಯೇ ಇರ್ತದೆ. ಜ್ವರ ಇಲ್ಲ, ನೋವಿಲ್ಲ, ಗೊತ್ತೇ ಆಗುದಿಲ್ಲ. ಭ್ರೂಣ ಬಂದ್ರೂ ಕಚ್ಚಿಕೊಳ್ಳುದಿಲ್ಲ."

"ಹಾಗಾದ್ರೆ ಇದೇ ಕಾರಣ ಅಲ್ವಾ ಡಾಕ್ಟ್ರೇ?"

"ಇರಬಹುದು. ಇಂಥದ್ದೇ ಉರಿಯೂತ ಇದ್ದು ಮಕ್ಕಳಾದವರೂ ಇದ್ದಾರೆ. ಮಾತ್ರೆ ಕೊಡುವ. ಉರಿಯೂತ ಹೋದೀತು. ಮಗು ಆಗ್ತದೆ ಅಂತ ಮಾತ್ರ ನಾನು ಹೇಳ್ಲಿಕ್ಕಿಲ್ಲ."

ಮಡಂತ್ಯಾರಿಗೆ ಹೋಗುವ ದಾರಿಯಲ್ಲಿ ವೇಣೂರು ದಾಟುವಷ್ಟರಲ್ಲಿ ನನ್ನ ಭಾಷಣ ಸಿದ್ಧವಾಗಿತ್ತು. ವೈದ್ಯೆಯ 'ಇರಬಹುದು', 'ಮಕ್ಕಳಾದವರೂ ಇದ್ದಾರೆ', 'ಹೇಳ್ಲಿಕ್ಕಿಲ್ಲ' ಅದರಲ್ಲಿ ಇರಲಿಲ್ಲ. ಎದುರಾಳಿಗೆ ಉಪಯೋಗವಾಗುವ ವಾಕ್ಯವನ್ನು ನಾವೇ ಓದಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಮಡಂತ್ಯಾರಿನ ಮನೆಯ ಚಾವಡಿಯಲ್ಲಿ ಮಾಮಿ, ಅಮ್ಮ, ಅಕ್ಕ ಕಾಯುತ್ತಿದ್ದರು. ಮಾಮಿ ಎಲ್ಲ ಕೇಳಿಸಿಕೊಂಡು, "ಆ ಕ್ರಿಮಿ ಅಲ್ಲಿಗೆ ಹೇಗೆ ಹೋಯ್ತು?" ಎಂದರು.

"ನಾಗ ಹೇಗೆ ಹೋದ, ಮಾಮಿ?"

"ಬಾಯಿ ಮುಚ್ಚು," ಎಂದಳು ಅಮ್ಮ.

"ಮಾತಾಡ್ಲಿ ಬಿಡಿ," ಮಾಮಿ ನಕ್ಕರು. "ಇವಳಿಗೆ ಕಪ್ ಕೊಟ್ಟವರನ್ನು ಹೇಳ್ಬೇಕು."

"ದೋಷ ಯಾರ ಕಣ್ಣಿಗೂ ಕಂಡದ್ದಿಲ್ಲ. ಇದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದಿದ್ದಾರೆ," ಎಂದೆ. ಅಲ್ಲಿ ಕಂಡದ್ದು ಉರಿಯೂತದ ಜೀವಕೋಶಗಳು, ಬ್ಯಾಕ್ಟೀರಿಯಾ ಅಲ್ಲ. ಅದನ್ನೂ ನಾನು ಹೇಳಲಿಲ್ಲ.

ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ಮದ್ದು ತಗೊಂಡ್ರೆ ಆಗ್ತದಾ?"

"ಆಗದೆ ಎಂತ?"

ಒಂದು ವರ್ಷದ ಮಟ್ಟಿಗೆ ಬಲಿ ನಿಂತಿತು. ರಜೆಗೆ ಬಂದ ಭಾವ, ಅಕ್ಕ, ಇಬ್ಬರೂ ಎರಡು ವಾರ ಮಾತ್ರೆ ನುಂಗಿದರು. ಹಾಲಿನೊಂದಿಗೆ ತೆಗೆದುಕೊಳ್ಳಬಾರದು ಎಂದದ್ದಕ್ಕೆ ಅಕ್ಕ ಚಹಾಕ್ಕೂ ಹಾಲು ಬಿಟ್ಟಳು. ನಾಗರಪಂಚಮಿಗೆ ಅಮ್ಮನ ಕುಟುಂಬದ ನಾಗಬನಕ್ಕೆ ಹಾಲೆರೆಯಲು ಬಾ ಎಂದರೆ, "ಕಲ್ಲಿಗೆ ಎರೆದದ್ದು ಕಲ್ಲಿಗೇ ಆಯ್ತು," ಎಂದಳಂತೆ. ಅದು ನನ್ನದೇ ವಾಕ್ಯ. ಅಮ್ಮ ಫೋನಿನಲ್ಲಿ ದೂರು ಹೇಳಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಮರುಪರೀಕ್ಷೆಯಲ್ಲಿ ಉರಿಯೂತ ಇಲ್ಲವೆಂದು ಬಂತು. ನಾನು ಗೆದ್ದಿದ್ದೆ.

ಅಕ್ಕ ಭಾವನೊಂದಿಗೆ ಮಸ್ಕತ್ತಿಗೆ ಹೋದಳು. ಪ್ರತಿ ತಿಂಗಳು ವಾಟ್ಸ್ಆ್ಯಪಿನಲ್ಲಿ ಒಂದೇ ಪದ ಬರುತ್ತಿತ್ತು: ಇಲ್ಲ. ಆರನೆಯ ತಿಂಗಳಿನಿಂದ ಅದೂ ಬರಲಿಲ್ಲ.

ವರ್ಷ ತುಂಬಿದ ಮೇಲೆ ಇಬ್ಬರೂ ರಜೆಗೆ ಬಂದರು. ನೋಡಲು ಹೋದ ನನ್ನನ್ನು ಮಾಮಿ ಚಾವಡಿಯಲ್ಲಿ ಕೂರಿಸಿ ಕೇಳಿದರು. ಹಂಗಿಸುವ ಧಾಟಿಯಲ್ಲಲ್ಲ, ತಿಳಿಯದವರು ಕೇಳುವ ಹಾಗೆ.

"ದೋಷ ಇಲ್ಲ ಅಂತ ನೀನು ಹೇಳಿದ್ದಿ. ರೋಗ ಇಲ್ಲ ಅಂತ ಈಗ ಕಾಗದ ಉಂಟು. ಹಾಗಾದ್ರೆ ಇನ್ನು ಎಂತ ಉಳಿದದ್ದು?"

ಉಳಿದದ್ದು ಅಕ್ಕ. ನೆರೆಯವರು, ನೆಂಟರು ಕೇಳಿದಾಗ ಮೊದಲು ನಾಗನ ಮೇಲೆ ಹಾಕಬಹುದಿತ್ತು, ಆಮೇಲೆ ಬ್ಯಾಕ್ಟೀರಿಯಾದ ಮೇಲೆ. ಎರಡನ್ನೂ ತೆಗೆದು ಅವಳನ್ನು ಬರಿದೇ ನಿಲ್ಲಿಸಿದವಳು ನಾನು. ಎದ್ದು ಒಳಗೆ ಹೋದೆ. ಅಕ್ಕ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು.

"ಬಲಿ ಮಾಡಿಸುವ, ಅಕ್ಕ. ನಾನೂ ಬಂದು ಕೂರ್ತೇನೆ."

"ನನಗೀಗ ಅದ್ರಲ್ಲಿ ನಂಬಿಕೆ ಇಲ್ಲ ಮಾರಾಯ್ತಿ. ನೀನೇ ತೆಗ್ದದ್ದಲ್ವಾ?"

ಆಗ ಹೇಳಿದೆ, ವೈದ್ಯೆ ಅಂದು ಏನೇನು ಅಂದಿದ್ದರು, ಅದರಲ್ಲಿ ಏನನ್ನು ನಾನು ಮನೆಯವರೆಗೆ ತರಲಿಲ್ಲ ಎಂದು. ಅಕ್ಕನ ಕೈ ನಿಲ್ಲಲಿಲ್ಲ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೆಲ್ಲ ಬಲಿಗೆ ಹೊರಡ್ತಿದ್ರಿ."

"ಹೊರಡ್ತಿದ್ದೆ. ಮಾತ್ರೆಯೂ ನುಂಗ್ತಿದ್ದೆ. ಎರಡೂ ಆಗ್ತದೆ ಅಂತ ನಂಬಿಕೊಂಡು ಇರ್ತಿದ್ದೆ. ನಿನಗೆ ಒಂದೇ ಗೆಲ್ಬೇಕಿತ್ತು."

ಇದಕ್ಕೆ ಪ್ರತಿವಾದವನ್ನು ನಾನು ಇವತ್ತಿಗೂ ಹುಡುಕಿಲ್ಲ. ಹುಡುಕಿದರೆ ಸಿಗುತ್ತದೆಂದೇ ಭಯ.

ಭಾವ ಹೊರಡುವ ಮೊದಲು ಮಾಮಿಯ ಸಮಾಧಾನಕ್ಕಾಗಿ ಬಲಿ ನಡೆಯಿತು. ಬಣ್ಣದ ಹುಡಿಯ ಮಂಡಲದ ಮುಂದೆ ಅಕ್ಕ, ಭಾವ ಕುಳಿತರು. ಬೇಕಾದ್ದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಿ ಎಂದರು ಭಟ್ಟರು. ಅಕ್ಕ ಕಣ್ಣು ಮುಚ್ಚಿದಳು. ವೈದ್ಯೆಯ ಮೇಜಿನ ಮೇಲೆ ಮಲಗಿದ್ದಾಗಲೂ ಹೀಗೆಯೇ ಮುಚ್ಚಿದ್ದಳು.

ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತು, "ಎಂತ ಕೇಳಿದ್ದು?" ಎಂದೆ.

"ಎಂತದೂ ಇಲ್ಲ. ಬೇಗ ಮುಗೀಲಿ ಅಂತ."